ಮಾತು ಬಾರದ ಕೂಸನ್ನು ಕುರಿತು



ಮಾರ್ಕನು ಬರೆದ ಸುವಾರ್ತೆಯ 7ನೇ ಅಧ್ಯಾಯದ ಕಡೆಯಲ್ಲಿ ಒಂದು ಸಂಗತಿ ಉಂಟು. ಗಲಿಲಾಯ ಸಮುದ್ರದ ಬಳಿಯಲ್ಲಿ, ದೆಕಪೊಲಿ ಎಂಬ ಸೀಮೆಯೊಳಗೆ, ಕಿವುಡನೂ ತೊದಲು ಮಾತಿನವನೂ ಆದ ಒಬ್ಬ ಮನುಷ್ಯನನ್ನು ಕೆಲವರು ಕರ್ತನ ಬಳಿಗೆ ಕರಕೊಂಡು ಬಂದು, ಅವನ ಮೇಲೆ ಕೈಯಿಡಬೇಕೆಂದು ಬೇಡಿಕೊಂಡರು. ಈ ಭಾಗವನ್ನು ನಾನು ಹದಿನೈದು ವರುಷಗಳಲ್ಲಿ ಎಷ್ಟೋ ಸಾರಿ ಓದಿ ಪ್ರಸಂಗ ಮಾಡಿದ್ದೇನೆ. ಪ್ರತಿ ಸಾರಿಯೂ ಕಿವುಡು ಅಂದರೆ ದೇವರ ವಾಕ್ಯಕ್ಕೆ ಮುಚ್ಚಿಕೊಂಡ ಹೃದಯ, ತೊದಲು ಅಂದರೆ ಸ್ತೋತ್ರಕ್ಕೆ ಏಳದ ನಾಲಿಗೆ ಎಂದು ಆತ್ಮಿಕ ಅರ್ಥವನ್ನು ಹೇಳಿ ಮುಗಿಸಿದೆನು. ಆ ಅರ್ಥವು ತಪ್ಪೆಂದು ಹೇಳುವದಿಲ್ಲ. ಆದರೆ ಆ ಮನುಷ್ಯನ ಕಿವಿಯು ಮಾಂಸದ ಕಿವಿಯಾಗಿತ್ತು, ಅವನ ಮನೆಯವರಿಗಿದ್ದ ದುಃಖವು ನಿಜವಾದ ದುಃಖವಾಗಿತ್ತು ಎಂಬದನ್ನು ನನಗೆ ಕಲಿಸಿದ್ದು ಸೆಮಿನೆರಿಯಲ್ಲ. ನಾನು ಸೇವೆ ಮಾಡುವ ಸಭೆಯ ಒಂದು ಕೂಸು.

ಆ ಮನೆ ಘಟ್ಟದ ಕೆಳಗೆ, ಹೊಳೆಯಾಚೆ ಇದೆ. ಮಗುವಿಗೆ ಒಂದೂವರೆ ವರುಷವಾದಾಗ ನಾನು ಪ್ರಾರ್ಥನೆಗೆ ಹೋಗಿದ್ದೆನು. ಅಜ್ಜಿ ಅಡಿಕೆ ಸುಲಿಯುತ್ತಾ, "ಉಪದೇಶಿಗಳೇ, ನಮ್ಮ ಪುಟ್ಟ ಇನ್ನೂ ಅಮ್ಮಾ ಅನ್ನುವದಿಲ್ಲವಲ್ಲಾ, ಏನು ಮಾಡುವದು?" ಎಂದು ಕೇಳಿದಳು. ತಾಯಿ ಬಾಗಲ ಮರೆಯಲ್ಲಿ ನಿಂತು ನನ್ನ ಮೋರೆಯನ್ನೇ ನೋಡುತ್ತಿದ್ದಳು. ನಾನು ಕೂಸನ್ನು ನೋಡಿದೆನು. ಅದು ಕೋಳಿಯ ಹಿಂದೆ ಓಡುತ್ತಿತ್ತು, ನಗುತ್ತಿತ್ತು, ನನ್ನ ಚೀಲವನ್ನು ಎಳೆಯಿತು. ಇಷ್ಟು ಚುರುಕಾದ ಮಗುವಿಗೆ ಏನು ಕೊರತೆ ಅಂದುಕೊಂಡು, "ದೊಡ್ಡಮ್ಮಾ, ಜಕರೀಯನು ಎಷ್ಟೋ ತಿಂಗಳು ಮೂಕನಾಗಿದ್ದು ಕಡೆಗೆ ಮಾತಾಡಲಿಲ್ಲವೋ? ತಾಳ್ಮೆಯಿಂದಿರಿ, ಪ್ರಾರ್ಥಿಸೋಣ" ಎಂದೆನು. ಅಜ್ಜಿಗೆ ಸಮಾಧಾನವಾಯಿತು. ಅವನ ಅಪ್ಪನೂ ಮೂರು ವರುಷದ ತನಕ ಬಾಯಿಬಿಡಲಿಲ್ಲ ಎಂಬ ಕಥೆಯನ್ನೂ ಆಕೆ ಹೇಳಿದಳು. ಚಹಾ ಕುಡಿದು ನಾನು ಹೊರಟೆನು.

ಎರಡು ವರುಷ ನಾಲ್ಕು ತಿಂಗಳು ಕಳೆದವು. ಅಂಗನವಾಡಿಗೆ ಮಕ್ಕಳನ್ನು ಪರೀಕ್ಷಿಸಲು ವೈದ್ಯರ ತಂಡವು ಬಂದ ದಿನ, ಅವರಲ್ಲೊಬ್ಬರು ಹುಡುಗನ ಬೆನ್ನ ಹಿಂದೆ ನಿಂತು ಕರೆದರು. ಅವನು ತಿರುಗಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು. ಎರಡು ಕಿವಿಗಳೂ ಬಹಳ ಮಂದವಾಗಿವೆಯೆಂದು ಅಲ್ಲಿ ತಿಳಿದುಬಂತು. ಆ ಹೊತ್ತು ನಾನೂ ಜೊತೆಯಲ್ಲಿದ್ದೆನು. ವೈದ್ಯರು ತಾಯಿಯನ್ನು, "ಇಷ್ಟು ದಿವಸ ಯಾಕೆ ಬರಲಿಲ್ಲ? ಕಾಯಬೇಕೆಂದು ನಿಮಗೆ ಹೇಳಿದವರು ಯಾರು?" ಎಂದು ಕೇಳಿದರು. ಆಕೆ ತಲೆ ತಗ್ಗಿಸಿಕೊಂಡು ಸುಮ್ಮನಿದ್ದಳು. ನನ್ನ ಹೆಸರನ್ನು ಹೇಳಲಿಲ್ಲ. ನಾನೂ ಆ ಕ್ಷಣದಲ್ಲಿ ಬಾಯಿ ತೆರೆಯಲಿಲ್ಲ. ಪ್ರಿಯರೇ, ಆ ಕೋಣೆಯಲ್ಲಿ ಮಾತು ಬಾರದವನು ಆ ಹುಡುಗನೊಬ್ಬನೇ ಆಗಿರಲಿಲ್ಲ. ಆದದರಿಂದ ಆಗ ಹೇಳದೆ ಹೋದದ್ದನ್ನು ಈಗ ಬರೆಯುತ್ತೇನೆ.

ಈಗ ಆ ಸುವಾರ್ತಾ ಭಾಗಕ್ಕೆ ತಿರುಗಿ ಬನ್ನಿರಿ. ಕರ್ತನು ಮಾಡಿದ ಕ್ರಮವನ್ನು ಗಮನಿಸಿರಿ. ಆತನು ಮೊದಲು ಬೆರಳುಗಳನ್ನು ಆ ಮನುಷ್ಯನ ಕಿವಿಗಳಲ್ಲಿ ಇಟ್ಟನು. ನಾಲಿಗೆಯನ್ನು ಮುಟ್ಟಿದ್ದು ತರುವಾಯ. ಕಿವಿಗಳು ತೆರೆದದ್ದನ್ನು ಸುವಾರ್ತಿಕನು ಮುಂದಾಗಿ ಬರೆದು, ನಾಲಿಗೆಯ ಕಟ್ಟು ಬಿಚ್ಚಿದ್ದನ್ನು ಆಮೇಲೆ ಬರೆದಿದ್ದಾನೆ. ನಾವಾದರೋ ಇದನ್ನು ತಲೆಕೆಳಗು ಮಾಡುತ್ತೇವೆ. ಮಗು ಮಾತಾಡದಿದ್ದರೆ ಕೂಡಲೇ ನಾಲಿಗೆಯನ್ನೇ ಹಿಡಿಯುತ್ತೇವೆ. ಬಜೆಬೇರನ್ನು ತೇದು ಹಚ್ಚುತ್ತೇವೆ, ಜೇನು ನೆಕ್ಕಿಸುತ್ತೇವೆ, ನಾಲಿಗೆಯ ಕೆಳಗಣ ಪೊರೆಯನ್ನು ಕೊಯ್ಯಿಸಬೇಕೋ ಎಂದು ನೆರೆಮನೆಯವರನ್ನು ಕೇಳುತ್ತೇವೆ. ಬಜೆಯಿಂದ ಮಾತು ಬಂದದ್ದಿಲ್ಲ. ಒಂದು ವರುಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ಅದರಲ್ಲಿ ಕೆಲವೊಮ್ಮೆ ಇರುವ ಒಂದು ವಿಧವಾದ ಸೂಕ್ಷ್ಮಜೀವಿಯ ವಿಷವು ಎಳೆಯ ಶರೀರವನ್ನು ನಿಶ್ಶಕ್ತಿಗೊಳಿಸುವದುಂಟು. ನಾಲಿಗೆಯ ಪೊರೆಯು ಬಿಗಿಯಾಗಿದ್ದರೆ ಹಾಲು ಕುಡಿಯುವದಕ್ಕೆ ತೊಂದರೆಯಾಗಬಹುದು, ಕೆಲವು ಅಕ್ಷರಗಳು ಸ್ಪಷ್ಟವಾಗದೆ ಹೋಗಬಹುದು. ಆದರೆ ಮಾತೇ ಹುಟ್ಟದಿರುವದಕ್ಕೆ ಅದು ಕಾರಣವಲ್ಲ.

ಮಾತು ಕಿವಿಯಿಂದ ಒಳಗೆ ಹೋಗುತ್ತದೆ, ಬಹುಕಾಲದ ನಂತರ ಬಾಯಿಂದ ಹೊರಗೆ ಬರುತ್ತದೆ. ಕೂಸು ತಾಯಿಯ ಗರ್ಭದ ಕಡೇ ತಿಂಗಳುಗಳಲ್ಲಿಯೇ ಆಕೆಯ ಸ್ವರವನ್ನು ಕೇಳಲು ತೊಡಗುತ್ತದೆ. ಹುಟ್ಟಿ ಎರಡು ಮೂರು ತಿಂಗಳಿಗೆ ಅದು ಗುಬ್ಬಳಿಸುವಂತೆ ಸ್ವರ ಮಾಡುತ್ತದೆ. ಆರರಿಂದ ಒಂಭತ್ತು ತಿಂಗಳೊಳಗೆ ಬಾ-ಬಾ, ಮಾ-ಮಾ, ದಾ-ದಾ ಎಂದು ಒಂದೇ ಅಕ್ಷರವನ್ನು ಸಾಲಾಗಿ ಉಚ್ಚರಿಸುತ್ತದೆ. ವರುಷ ತುಂಬುವ ಸುಮಾರಿಗೆ ಅರ್ಥವಿಟ್ಟು ಹೇಳುವ ಮೊದಲನೆಯ ಮಾತು ಬರುತ್ತದೆ; ಆ ವಯಸ್ಸಿನಲ್ಲಿಯೇ ಬೇಕಾದದ್ದನ್ನು ಬೆರಳಿನಿಂದ ತೋರಿಸಲಿಕ್ಕೂ ಕಲಿಯುತ್ತದೆ. ಎರಡು ವರುಷಕ್ಕೆ, ನೀರು ಬೇಕು, ಅಪ್ಪ ಬಂದ ಎಂಬಂತೆ ಎರಡು ಮಾತುಗಳನ್ನು ಜೋಡಿಸಬೇಕು. ಮೂರು ವರುಷಕ್ಕೆ ಪರಸ್ಥಳದವರಿಗೂ ಅದರ ಮಾತು ಹೆಚ್ಚುಕಡಿಮೆ ತಿಳಿಯಬೇಕು. ಎಲ್ಲಾ ಮಕ್ಕಳು ಒಂದೇ ದಿವಸ ನಡೆಯಲು ಕಲಿಯುವದಿಲ್ಲವಲ್ಲ, ಹಾಗೆಯೇ ಇದರಲ್ಲಿಯೂ ಹಿಂದುಮುಂದು ಇರುವದು. ಆದರೆ ಒಂಭತ್ತು ಹತ್ತು ತಿಂಗಳಾದರೂ ಬಾ-ಬಾ ಅನ್ನದ ಕೂಸು, ಒಂದೂವರೆ ವರುಷವಾದರೂ ಒಂದು ಮಾತನ್ನೂ ಆಡದ ಅಥವಾ ಬೆರಳು ತೋರಿಸದ ಕೂಸು, ಎರಡು ವರುಷವಾದರೂ ಎರಡು ಮಾತು ಜೋಡಿಸದ ಕೂಸು, ಇವುಗಳನ್ನು ತಡಮಾಡದೆ ತೋರಿಸತಕ್ಕದ್ದು. ಆಡುತ್ತಿದ್ದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ಆ ವಾರವೇ ಹೊರಡಿರಿ.

ನನ್ನಂತೆ ಮೋಸಹೋಗುವವರಿಗೋಸ್ಕರ ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಹುಟ್ಟುಕಿವುಡಾದ ಕೂಸೂ ಮೊದಲಿನ ತಿಂಗಳುಗಳಲ್ಲಿ ಅಳುತ್ತದೆ, ನಗುತ್ತದೆ, ಗುಬ್ಬಳಿಸುತ್ತದೆ. ಅದರಿಂದ ಮನೆಯವರಿಗೆ ಸಂಶಯ ಬರುವದಿಲ್ಲ. ಬಾಗಲು ಧಡ್ಡೆಂದು ಬಿದ್ದರೆ ಬೆಚ್ಚುತ್ತದೆ, ತಮಟೆಯ ಶಬ್ದಕ್ಕೆ ತಿರುಗುತ್ತದೆ ಎಂದು ನೀವು ಹೇಳುವಿರಿ. ಬಾಗಲು ಬಿದ್ದಾಗ ನೆಲವು ಅದುರುತ್ತದೆ, ಗಾಳಿಯು ತಗಲುತ್ತದೆ. ಕೂಸು ಅದನ್ನು ಮೈಯಿಂದ ತಿಳುಕೊಳ್ಳುತ್ತದೆ. ಮತ್ತು ಕಿವಿಯು ಪೂರಾ ಮುಚ್ಚಿಹೋಗದೆ ಅರೆ ಮಂದವಾಗಿರುವದೂ ಉಂಟು. ಅಂಥ ಮಗುವಿಗೆ ತಮಟೆ ಕೇಳುತ್ತದೆ, ಎತ್ತಿನ ಕೂಗು ಕೇಳುತ್ತದೆ. ಆದರೆ ಸ, ಶ, ತ, ಕ ಮೊದಲಾದ ಮೆಲ್ಲಗಿನ ಅಕ್ಷರಗಳು ಕೇಳುವದಿಲ್ಲ. ಅಂದರೆ ಮಾತು ಅದಕ್ಕೆ ಅಕ್ಷರಗಳು ಬಿದ್ದುಹೋದ ಹಳೇ ಪುಸ್ತಕದ ಹಾಗೆ ಇರುತ್ತದೆ. ನಮ್ಮ ಹುಡುಗನಿಗೆ ಹೀಗೆಯೇ ಇತ್ತು.

ಇದಲ್ಲದೆ, ಶೀತ ಹಿಡಿದಾಗ ಕಿವಿಯ ತಮಟೆಪೊರೆಯ ಹಿಂದೆ ನೀರು ತುಂಬಿ ತಿಂಗಳುಗಟ್ಟಲೆ ನಿಲ್ಲುವದುಂಟು. ಅದಕ್ಕೆ ನೋವೂ ಇರಲಿಕ್ಕಿಲ್ಲ, ಕೀವೂ ಸೋರಲಿಕ್ಕಿಲ್ಲ. ಮಗು ಒಂದು ದಿನ ಕರೆದರೆ ಓಗೊಡುತ್ತದೆ, ಇನ್ನೊಂದು ದಿನ ಇಲ್ಲ. ನಾವು ಅದನ್ನು ಹಟಮಾರಿಯೆಂದು ಹೊಡೆಯುತ್ತೇವೆ. ಇಂಥದು ವೈದ್ಯದಿಂದ ವಾಸಿಯಾಗತಕ್ಕದ್ದು. ಸ್ನಾನದ ಹೊತ್ತು ಕೂಸಿನ ಕಿವಿಗೆ ಬಿಸಿಮಾಡಿದ ತೆಂಗಿನೆಣ್ಣೆ ಹೊಯ್ಯುವ ಪದ್ಧತಿಯನ್ನು ಮಾತ್ರ ಅಜ್ಜಿಯಂದಿರು ದಯವಿಟ್ಟು ಬಿಡಬೇಕು. ಮೈಗೆ ಎಣ್ಣೆ ಒಳ್ಳೇದು, ಕಿವಿಯೊಳಕ್ಕೆ ಬೇಡ.

ಕಿವಿ ಮಂದವಾಗಲಿಕ್ಕೆ ಕಾರಣಗಳು ಅನೇಕ. ಹುಟ್ಟಿದ ಕೂಡಲೆ ಅಳದ ಕೂಸು, ತಿಂಗಳು ತುಂಬದೆ ಹುಟ್ಟಿದ್ದು, ಹಳದಿ ಕಾಮಾಲೆ ಮಿತಿಮೀರಿ ಏರಿದ್ದು, ಮೆದುಳಿನ ಪೊರೆಯ ಜ್ವರ ಬಂದದ್ದು, ಇಂಥ ಮಕ್ಕಳ ಕಿವಿಯನ್ನು ತಪ್ಪದೆ ಪರೀಕ್ಷಿಸಬೇಕು. ಬಸುರಿಯಾದವಳಿಗೆ ರುಬೆಲ್ಲಾ ಎಂಬ ಸಣ್ಣ ದಡಾರದಂಥ ರೋಗವು ತಗಲಿದರೂ ಗರ್ಭದಲ್ಲಿರುವದಕ್ಕೆ ಕಿವುಡು ಬರುವದು. ಇದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆಯನ್ನು ನಮ್ಮ ಕರ್ನಾಟಕದಲ್ಲಿ 2017ರಿಂದ ಮಕ್ಕಳಿಗೆ ಹಾಕುತ್ತಿದ್ದಾರೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ಸಂಬಂಧಗಳಲ್ಲಿ ಹುಟ್ಟುಕಿವುಡು ಹೆಚ್ಚಾಗಿ ಕಾಣುತ್ತದೆಂಬದನ್ನೂ ಮದುವೆ ಮಾತಾಡುವ ಹಿರಿಯರು ನೆನಪಿನಲ್ಲಿಡಲಿ. ಹೀಗಿದ್ದರೂ ಎಷ್ಟೋ ಮನೆಗಳಲ್ಲಿ ಯಾವ ಕಾರಣವೂ ಸಿಕ್ಕುವದಿಲ್ಲ.

ಇಲ್ಲಿಯೇ ನಮ್ಮ ಸಭೆಗಳಲ್ಲಿ ಒಂದು ದೊಡ್ಡ ಅನ್ಯಾಯವು ನಡೆಯುತ್ತದೆ. ಕಾರಣವು ಸಿಕ್ಕದಿದ್ದರೆ ನಾವು ತಾಯಿಯನ್ನು ಹಿಡಿಯುತ್ತೇವೆ. ಬಸುರಿಯಿದ್ದಾಗ ಗ್ರಹಣ ನೋಡಿದಳು, ಅತ್ತೆಗೆ ಎದುರು ಮಾತಾಡಿದಳು, ಆದದರಿಂದ ಮಗುವಿನ ಬಾಯಿ ಕಟ್ಟಿತು ಎಂಬ ಮಾತನ್ನು ದೇವಾಲಯದ ಮೆಟ್ಟಲ ಮೇಲೆಯೇ ಕೇಳಿದ್ದೇನೆ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ ಇವನನ್ನು ಹೆತ್ತವರೂ ಅಲ್ಲವೆಂದು ಕರ್ತನು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟನಷ್ಟೆ. ದೆಕಪೊಲಿಯ ಕಿವುಡನ ವಿಷಯದಲ್ಲಿ ಆತನು ಅಂಥ ವಿಚಾರಣೆಯನ್ನು ಮಾಡಲೂ ಇಲ್ಲ. ಗ್ರಹಣವನ್ನೂ ದೃಷ್ಟಿಯನ್ನೂ ಬಿಟ್ಟುಬಂದೆವೆಂದು ಹೇಳಿಕೊಳ್ಳುವ ನಾವು, ಸೊಸೆಯ ವಿಷಯ ಬಂದಾಗ ಮಾತ್ರ ಅವುಗಳನ್ನು ಹಿಂಬಾಗಲಿನಿಂದ ಕರಕೊಂಡು ಬರುತ್ತೇವೆ. ಆ ಹುಡುಗನ ತಾಯಿಯು ಎರಡು ವರುಷ ಯಾವ ನಾಮಕರಣಕ್ಕೂ ಹೋಗಲಿಲ್ಲವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಹೋದರೆ ಹೆಂಗಸರು ಮಗುವನ್ನು ನಡುವೆ ನಿಲ್ಲಿಸಿ, "ಮಾಮಾ ಅನ್ನು, ಅತ್ತೆ ಅನ್ನು" ಎಂದು ಪೀಡಿಸುತ್ತಿದ್ದರಂತೆ. ಕರ್ತನು ಆ ಮನುಷ್ಯನನ್ನು ಗುಂಪಿನಿಂದ ಒತ್ತಟ್ಟಿಗೆ ಕರಕೊಂಡು ಹೋದನೆಂದು ಬರೆದಿದೆ. ನೂರು ಕಣ್ಣುಗಳ ಮುಂದೆ ನಾಲಿಗೆಯು ಏಳುವದಿಲ್ಲವೆಂದು ಆತನಿಗೆ ತಿಳಿದಿತ್ತು.

ಕಿವಿ ಚೆನ್ನಾಗಿದ್ದೂ ಮಾತು ತಡವಾಗುವ ಮಕ್ಕಳುಂಟು. ಕೆಲವು ಮಕ್ಕಳು ಹೇಳಿದ್ದನ್ನೆಲ್ಲಾ ತಿಳುಕೊಳ್ಳುತ್ತವೆ, ಬೆರಳು ತೋರಿಸುತ್ತವೆ, ಆಟವಾಡುತ್ತವೆ. ಮಾತು ಮಾತ್ರ ಹಿಂದೆ ಬಿದ್ದಿರುತ್ತದೆ. ಇಂಥವುಗಳಲ್ಲಿ ಬಹಳ ಮಕ್ಕಳು ಆಮೇಲೆ ಉಳಿದವರನ್ನು ಕೂಡಿಕೊಳ್ಳುವದು ನಿಜ, ಮತ್ತು ಅಜ್ಜಿ ಹೇಳುವ ಅಪ್ಪನ ಕಥೆಗೆ ಆಧಾರವೂ ಇದೇ. ಆದರೆ ಯಾವ ಮಗುವು ಕೂಡಿಕೊಳ್ಳುವದು, ಯಾವದು ಹಿಂದೆ ನಿಲ್ಲುವದು ಎಂಬದನ್ನು ಮುಂದಾಗಿ ಹೇಳಲು ನನಗಾಗಲಿ ಅಜ್ಜಿಗಾಗಲಿ ಸಾಧ್ಯವಿಲ್ಲ. ಇನ್ನು ಕೆಲವು ಮಕ್ಕಳು ಹೆಸರು ಕರೆದರೆ ತಿರುಗುವದಿಲ್ಲ, ಮೋರೆ ನೋಡುವದಿಲ್ಲ, ತಾನು ಕಂಡದ್ದನ್ನು ನೋಡೆಂದು ಇನ್ನೊಬ್ಬರಿಗೆ ತೋರಿಸುವದಿಲ್ಲ, ಒಂದೇ ಗಾಲಿಯನ್ನು ಗಂಟೆಗಟ್ಟಲೆ ತಿರುಗಿಸುತ್ತಾ ಕೂತಿರುತ್ತವೆ. ಇದನ್ನು ವೈದ್ಯರು ಆಟಿಸಂ ಎಂದು ಕರೆಯುತ್ತಾರೆ. ಇದು ದೆವ್ವದ ಬಾಧೆಯಲ್ಲ, ತಾಯಿಯ ಪ್ರೀತಿ ಕಡಿಮೆಯಾದದ್ದೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿರುವ ಭೇದ. ದೆವ್ವ ಬಿಡಿಸುತ್ತೇವೆಂದು ಇಂಥ ಮಗುವನ್ನು ಯಾರ ಮುಂದೆಯೂ ನಿಲ್ಲಿಸಬೇಡಿರಿ.

ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಎಂದು ಮಗುವು ಗಲಿಬಿಲಿಗೊಂಡು ಮೂಕವಾಯಿತೋ ಎಂದು ಕೆಲವು ತಂದೆಗಳು ಕೇಳುತ್ತಾರೆ. ಹಾಗಲ್ಲ. ಎರಡು ಭಾಷೆಗಳಿಂದ ಮಾತು ತಡವಾಗುವದಿಲ್ಲ. ಲೆಕ್ಕ ಹಾಕುವಾಗ ಎರಡು ಭಾಷೆಗಳ ಮಾತುಗಳನ್ನೂ ಕೂಡಿಸಬೇಕು, ಅಷ್ಟೇ. ತಾಯಿಗೆ ಸಲೀಸಾದ ಭಾಷೆಯಲ್ಲಿ ತಾಯಿ ಮಾತಾಡಲಿ. ತನಗೆ ಬಾರದ ಇಂಗ್ಲಿಷನ್ನು ಮಗುವಿಗೋಸ್ಕರ ಮುರಿದು ಆಡುವದು ವ್ಯರ್ಥ.

ಮೊಬೈಲಿನ ವಿಷಯದಲ್ಲಿ ನಾನು ಹೆಚ್ಚು ಹೇಳಿದರೆ ನೀವು ನಗುವಿರಿ, ಯಾಕಂದರೆ ಪ್ರಸಂಗದ ನಡುವೆ ನನ್ನದೇ ಕೂಗಿದ್ದುಂಟು. ಆದರೂ ಕೇಳಿರಿ. ಲೋಕ ಆರೋಗ್ಯ ಸಂಸ್ಥೆಯವರು 2019ರಲ್ಲಿ ಕೊಟ್ಟ ಸಲಹೆ ಏನಂದರೆ, ಎರಡು ವರುಷದೊಳಗಿನ ಕೂಸನ್ನು ಪರದೆಯ ಮುಂದೆ ಕೂರಿಸಲೇಬಾರದು, ಅದರ ಮೇಲಿನದನ್ನು ದಿನಕ್ಕೆ ಒಂದು ತಾಸಿಗಿಂತ ಹೆಚ್ಚಾಗಿ ಬಿಡಬಾರದು. ಮೊಬೈಲು ಮಗುವಿಗೆ ಮಾತಾಡುತ್ತದೆ; ಮಗು ಉತ್ತರಕೊಟ್ಟರೆ ಕೇಳುವದಿಲ್ಲ. ಮಾತು ಕಲಿಯುವದು ಕೊಟ್ಟು ತಕ್ಕೊಳ್ಳುವದರಿಂದಲೇ.

ಹಾಗಾದರೆ ಮನೆಯಲ್ಲಿ ಏನು ಮಾಡತಕ್ಕದ್ದು? ಕರ್ತನು ಆ ಕಿವುಡನಿಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಮುಟ್ಟಿ, ಆಕಾಶದ ಕಡೆಗೆ ನೋಡಿ, ಸನ್ನೆಗಳಿಂದ ಮಾತಾಡಿದನು. ನೀವೂ ಕೂಸಿನ ಎತ್ತರಕ್ಕೆ ಕುಳಿತು, ಅದಕ್ಕೆ ನಿಮ್ಮ ಮೋರೆ ಕಾಣುವ ಹಾಗೆ ಮಾತಾಡಿರಿ. ಅದು ನೋಡುತ್ತಿರುವದನ್ನೇ ಹೆಸರಿಸಿರಿ. ಬೆಕ್ಕನ್ನು ನೋಡುತ್ತಿದ್ದರೆ ಬೆಕ್ಕಿನ ಸಂಗತಿ ಹೇಳಿರಿ. ಆ ಹೊತ್ತು ಕಾಗೆಯನ್ನು ತೋರಿಸಬೇಡಿರಿ. ಅದು "ಬೆಕ್ಕು" ಅಂದರೆ ನೀವು, "ಹೌದು, ಕರೀ ಬೆಕ್ಕು ಹಾಲು ಕುಡಿಯಿತು" ಅನ್ನಿರಿ. ಕೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಕಾಯಿರಿ. ಇದು ನಮಗೆ ಕಷ್ಟ, ನಮ್ಮಲ್ಲಿ ಮೌನವನ್ನು ತಾಳುವವರು ಕಡಿಮೆ. ಮೋಶೆಗೆ ಬದಲಾಗಿ ಆರೋನನು ಮಾತಾಡಿದ ಹಾಗೆ ತಮ್ಮನಿಗೆ ಬದಲಾಗಿ ಅಕ್ಕಂದಿರು ಉತ್ತರಕೊಡುವದುಂಟು; ತಮ್ಮನಿಗೂ ಸರದಿ ಬರಲಿ. ಜೋಗುಳ ಹಾಡಿರಿ, ಅಂಗೈಯಲ್ಲಿ ಇರುವೆ ಹತ್ತಿಸುವ ಆಟವಾಡಿರಿ. ಸನ್ನೆಯಿಂದ ಕೇಳಿದರೆ ಸನ್ನೆಗೂ ಉತ್ತರಕೊಡಿರಿ; ಸನ್ನೆಯು ಮಾತಿಗೆ ಅಡ್ಡಿಯಲ್ಲ, ಸೇತುವೆ. "ಹೇಳಿದರೆ ಮಾತ್ರ ಕೊಡುತ್ತೇನೆ" ಎಂದು ಹಸಿದ ಕೂಸಿನ ಮುಂದೆ ಅನ್ನವನ್ನು ಎತ್ತಿ ಹಿಡಿಯುವದು ಕ್ರೂರತನ.

ಆದರೆ ಇದೆಲ್ಲಾ ಕಿವಿಯ ಪರೀಕ್ಷೆಗೆ ಬದಲಲ್ಲ. ಆ ಕಿವುಡನು ತಾನಾಗಿ ಬರಲಿಲ್ಲ, ಕೆಲವರು ಅವನನ್ನು ಕರತಂದರೆಂದು ಬರೆದಿದೆ. ತನ್ನ ಬಾಯಿಂದ ಕೇಳಲಾರದವನಿಗಾಗಿ ಬೇರೆಯವರು ನಡೆಯಬೇಕು. ಎಲ್ಲಿಗೆ ಅನ್ನುವಿರೋ? ಮೊದಲು ಅಂಗನವಾಡಿಯವರಿಗೂ ಆಶಾ ಕಾರ್ಯಕರ್ತೆಗೂ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹುಟ್ಟಿದಂದಿನಿಂದ 18 ವರುಷದ ವರೆಗಿನ ಮಕ್ಕಳನ್ನು ಹಣ ತಕ್ಕೊಳ್ಳದೆ ಪರೀಕ್ಷಿಸಿ, ಕಿವುಡು ಮತ್ತು ಮಾತಿನ ತಡವೂ ಸೇರಿದ ಕೊರತೆಗಳಿಗೆ ಮುಂದಿನ ಚಿಕಿತ್ಸೆಗೆ ಕಳುಹಿಸುತ್ತಾರೆ. ತಂಡವು ಅಂಗನವಾಡಿಗೆ ವರುಷಕ್ಕೆ ಎರಡು ಸಾರಿ ಬರತಕ್ಕದ್ದು. ಅದು ಬರುವ ತನಕ ಕಾಯದೆ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕೆಲಸಕ್ಕಾಗಿಯೇ ಇದೆ. ಪರೀಕ್ಷೆಗೆ ಹೆದರಬೇಡಿರಿ. ಸೂಜಿಯಿಲ್ಲ, ರಕ್ತವಿಲ್ಲ. ಕೂಸು ನಿದ್ದೆಮಾಡುತ್ತಿರುವಾಗಲೇ ಕಿವಿಯಲ್ಲಿ ಒಂದು ಮೆತ್ತಗಿನ ಬೆಣೆಯನ್ನಿಟ್ಟು ಸಣ್ಣ ಶಬ್ದ ಮಾಡಿ, ಒಳಗಣ ಕಿವಿಯು ಕೊಡುವ ಮಾರುತ್ತರವನ್ನು ಯಂತ್ರವು ಹಿಡಿಯುತ್ತದೆ. ಇನ್ನೊಂದರಲ್ಲಿ ಹಣೆಗೂ ಕಿವಿಯ ಹಿಂದೆಯೂ ತಂತಿಗಳನ್ನು ಅಂಟಿಸಿ, ಶಬ್ದವು ನರದ ದಾರಿಯಲ್ಲಿ ಮುಟ್ಟುತ್ತದೋ ಎಂದು ನೋಡುತ್ತಾರೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿಶ್ಚಯ, ಆರು ತಿಂಗಳೊಳಗೆ ಚಿಕಿತ್ಸೆ, ಇದು ಬಲ್ಲವರು ಇಟ್ಟಿರುವ ಅಳತೆ. ಯಾಕಂದರೆ ಮೆದುಳು ಮಾತಿಗಾಗಿ ಹದವಾಗಿರುವದು ಮೊದಲಿನ ಮೂರು ನಾಲ್ಕು ವರುಷಗಳಲ್ಲಿ. ಮಳೆ ನಿಂತು ಗದ್ದೆ ಒಣಗಿದ ಮೇಲೆ ನೇಜಿ ನೆಡುವವನ ಪಾಡನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಏನೂ ಬೆಳೆಯುವದಿಲ್ಲವೆಂದಲ್ಲ; ಪ್ರತಿಯೊಂದು ಗಿಡಕ್ಕೂ ನೀರು ಹೊತ್ತು ಹಾಕಬೇಕಾಗುತ್ತದೆ.

ನಮ್ಮ ಹುಡುಗನಿಗೆ ಎರಡು ಕಿವಿಗಳಿಗೂ ಶ್ರವಣಯಂತ್ರಗಳನ್ನು ಕೊಟ್ಟರು. ಮೊದಲನೆಯ ದಿನ ಅವನು ಹೆದರಿ ಅತ್ತನು. ಮನೆಗೆ ಬಂದು ಒಗ್ಗರಣೆಯ ಶಬ್ದಕ್ಕೆ ಓಡಿಹೋಗಿ ಮೂಲೆಯಲ್ಲಿ ಅಡಗಿದನು. ತಾಯಿಯು ತಿಂಗಳಿಗೆ ಎರಡು ಸಾರಿ ಅವನನ್ನು ಬಸ್ಸಿನಲ್ಲಿ ಕರಕೊಂಡು ಹೋಗಿ, ಅಲ್ಲಿ ಕಲಿಸಿದ್ದನ್ನು ಮನೆಯಲ್ಲಿ ದಿನಾಲು ಮಾಡಿಸುತ್ತಾಳೆ. ಬಸ್ಸಿನ ಹಣವನ್ನು ಸ್ತ್ರೀಯರ ಸಂಘದವರು ಕೊಡುತ್ತಾರೆ. ನಾಮಕರಣಗಳಲ್ಲಿ ಪೀಡಿಸುತ್ತಿದ್ದವರೂ ಅದರಲ್ಲಿದ್ದಾರೆಂದು ಹೇಳುವದು ನ್ಯಾಯ. ಒಂಭತ್ತು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ಅಂಗಳದಲ್ಲಿ ಕೋಳಿಯನ್ನು "ಬಾ" ಎಂದು ಕರೆದನಂತೆ. ಈಗ ಅವನಿಗೆ ಆರು ವರುಷ. ತನ್ನ ವಯಸ್ಸಿನವರಷ್ಟು ಮಾತಾಡುವದಿಲ್ಲ. ಅವನು ಹೇಳಿದ್ದರಲ್ಲಿ ಅರ್ಧವು ನನಗೆ ತಿಳಿಯುವದಿಲ್ಲ, ತಾಯಿಗೆ ಎಲ್ಲಾ ತಿಳಿಯುತ್ತದೆ. ಆ ಎರಡು ವರುಷ ನಾಲ್ಕು ತಿಂಗಳು ಅವನಿಗಿದ್ದಿದ್ದರೆ ಹೇಗಿರುತ್ತಿತ್ತೋ ಎಂಬದನ್ನು ನಾನು ಅವನ ಮೋರೆ ನೋಡುವಾಗಲೆಲ್ಲಾ ನೆನಸುತ್ತೇನೆ. ಇದನ್ನು ಆ ತಾಯಿಯ ಮುಂದೆ ಒಪ್ಪಿಕೊಂಡು ಕ್ಷಮೆ ಬೇಡಿದೆನು. ಆಕೆ, "ಅಯ್ಯೋ, ನಿಮಗೂ ಗೊತ್ತಿರಲಿಲ್ಲವಲ್ಲಾ" ಅಂದಳು. ಇನ್ನು ಗೊತ್ತಿರಲಿಲ್ಲವೆಂದು ಹೇಳಲು ನನಗೂ ಈ ಪತ್ರಿಕೆಯನ್ನು ಓದಿದ ನಿಮಗೂ ಎಡೆಯಿಲ್ಲ.

ಕಳೆದ ಮಳೆಗಾಲದಲ್ಲಿ ಆ ಮನೆಯಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು. ಮೂರನೆಯ ವಾರದಲ್ಲಿ ಅಜ್ಜಿಯೇ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಳೆ ದಾಟಿ, ಜಿಲ್ಲಾ ಆಸ್ಪತ್ರೆಗೆ ಒಯ್ದಳು. ಪರೀಕ್ಷೆಯಾಗುವಷ್ಟು ಹೊತ್ತೂ ಅದು ನಿದ್ದೆಮಾಡಿತು. ಕಿವಿಗಳು ಚೆನ್ನಾಗಿವೆಯೆಂದು ಬರೆದು ಕೊಟ್ಟರು. ಆ ಚೀಟಿಯನ್ನು ಆಕೆ ಸತ್ಯವೇದದ ಒಳಗೆ ಇಟ್ಟಿದ್ದಾಳೆ. ಹಾಗಿದ್ದರೂ ದಿನಾಲು ಸಾಯಂಕಾಲ ತೊಟ್ಟಿಲ ಹಿಂದೆ ನಿಂತು, ಮೆಲ್ಲಗೆ ಒಂದು ಸಾರಿ ಅದರ ಹೆಸರು ಕರೆದು ನೋಡುತ್ತಾಳೆ.